ಮಸ್ಕಿಯ ರೈಫಲ್ಲು, ಸಾಲಗುಂದದ ತಮಂಚಾ

ಮೂವತ್ತೈದನೇ ವಯಸ್ಸಿಗೆ ನಿವೃತ್ತಳಾದೆ ಎಂದರೆ ಜನ ಮೊದಲು ಕೇಳುವುದು ಮದುವೆಯ ವಿಷಯ. ಕಾರಣ ಅದಲ್ಲ, ನನ್ನ ಬಲಗಿವಿ. ಹನ್ನೊಂದು ವರ್ಷ ಲಿಂಗಸುಗೂರಿನ ಒಂದು ಬಂದೂಕಿನ ಅಂಗಡಿಯಲ್ಲಿ ಕೆಲಸ ಮಾಡಿದೆ. ರಿಪೇರಿಯಾದ ಬಂದೂಕನ್ನು ಮರಳಿನ ಗುಂಡಿಗೆ ಹಾರಿಸಿ ನೋಡುವಾಗ ಮೊದಲ ಮೂರು ವರ್ಷ ಕಿವಿಗೆ ಏನನ್ನೂ ಹಾಕಿಕೊಳ್ಳಲಿಲ್ಲ. ಕೆಲಸ ಕಲಿಸಿದ ಉಸ್ತಾದರು ಹಾಕಿಕೊಳ್ಳುತ್ತಿರಲಿಲ್ಲ, ಹಾಗಾಗಿ ನಾನೂ ಹಾಕಿಕೊಳ್ಳಲಿಲ್ಲ. ಈಗ ಆ ಕಿವಿಯೊಳಗೆ ಹಗಲಿರುಳೂ ಒಂದು ಜೀರುಂಡೆ ಕೂಗುತ್ತದೆ. ಇನ್ನೊಂದು ಕಿವಿಯನ್ನಾದರೂ ಉಳಿಸಿಕೊಳ್ಳಿ ಎಂದರು ವೈದ್ಯರು. ಉಳಿಸಿಕೊಂಡಿದ್ದೇನೆ.

ಅಂಗಡಿಯನ್ನು ಈಗ ಉಸ್ತಾದರ ಮೊಮ್ಮಗಳು ನೋಡಿಕೊಳ್ಳುತ್ತಾಳೆ. ಡಿಪ್ಲೊಮಾ ಮುಗಿಸಿದ ಇಬ್ಬರು ಹುಡುಗಿಯರು ಅವಳ ಜೊತೆ ಸೇರಿದ್ದಾರೆ. "ಅಕ್ಕಾ, ಈ ಕೆಲಸದಾಗ ಏನೇನು ಇರತೈತಿ, ಒಂದೀಟು ಬರದು ಕೊಡ್ರಿ" ಎಂದು ಮೂವರೂ ಕೇಳಿದರು. ಮೊದಲನೆಯ ಮಾತು ಆಗಲೇ ಬರೆದಾಯಿತು: ಕಿವಿ ಮುಚ್ಚಿಕೊಳ್ಳಿ. ಎರಡನೆಯದಕ್ಕೆ ಸ್ವಲ್ಪ ಜಾಗ ಬೇಕು.

ನಾನು ಸಿಂಧನೂರಿನವಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಉಪನ್ಯಾಸಕಿಯ ಹುದ್ದೆಗೆ ಅರ್ಜಿ ಹಾಕುತ್ತ ಎರಡು ವರ್ಷ ಮನೆಯಲ್ಲಿದ್ದೆ. ಲಿಂಗಸುಗೂರಿಗೆ ಹೋದಾಗ ಒಂದು ಅಂಗಡಿಯ ಬಾಗಿಲಿಗೆ ತಗಡಿನ ಫಲಕ ತೂಗುಹಾಕಿದ್ದು ಕಂಡಿತು: "ಅಳತೆ ಬಲ್ಲವರು ಬೇಕು." ಒಳಗೆ ಹೋಗಿ ಯಾವ ಅಳತೆ ಎಂದು ಕೇಳಿದೆ. ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದ ಮುದುಕರೊಬ್ಬರು ಒಂದು ಹಿತ್ತಾಳೆಯ ತುಂಡನ್ನೂ ವರ್ನಿಯರನ್ನೂ ಮುಂದೆ ತಳ್ಳಿದರು. ನಾನು ಅಳೆದು ಹೇಳಿದೆ. ಅವರು ಮತ್ತೊಮ್ಮೆ ಅಳೆಯಲು ಹೇಳಿದರು. ಅಳೆದೆ. ಮೂರನೆಯ ಸಲವೂ ಹೇಳಿದರು. ಮೂರನೆಯ ಸಲವೂ ಬೇಸರವಿಲ್ಲದೆ ಅಳೆದದ್ದಕ್ಕೆ ಕೆಲಸ ಸಿಕ್ಕಿತು ಎಂದು ಆಮೇಲೆ ತಿಳಿಯಿತು.

ಅವರೇ ಮೌನೇಶಪ್ಪ ಉಸ್ತಾದರು. ಹೆಸರು ಮೌನೇಶಪ್ಪ, ಬಾಯಿ ಮಾತ್ರ ಮೌನ ಕಂಡದ್ದಲ್ಲ. ಅವರ ತಂದೆ ನಿಜಾಮರ ಕಾಲದಲ್ಲಿ ಊರೂರು ತಿರುಗಿ ಬಂದೂಕು ರಿಪೇರಿ ಮಾಡುತ್ತಿದ್ದ ಕಮ್ಮಾರರು.

ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಕೆಲಸದ ಸುದ್ದಿ ಹೇಳಿದ ಸಂಜೆ ಅಪ್ಪ ಆ ಪಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಅಲ್ಲಿ ನಿನ್ನ ಕೆಲಸ ಏನವ್ವಾ? ಹಾರಿಸೂದೋ, ಅಳಿಯೂದೋ?"

"ಅಳಿಯೂದು."

"ಹಂಗಾದ್ರ ಹೋಗು" ಎಂದ. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ನಡೆದ ಮಾತು ಇಷ್ಟೇ.

ಬಂದೂಕಿನ ಅಂಗಡಿ ಎಂದರೆ ಹೊರಗಿನವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಒಳಗೆ ಇರುವುದು ಎಣ್ಣೆಯ ವಾಸನೆ, ಚಿಂದಿ ಬಟ್ಟೆ, ರಿಜಿಸ್ಟರುಗಳು. ಬರುವವರಲ್ಲಿ ಹೆಚ್ಚಿನವರು ಹಂದಿಯಿಂದ ಬೆಳೆ ಕಾಯಲು ಒಂಟಿ ನಳಿಗೆಯ ಬಂದೂಕಿಟ್ಟುಕೊಂಡ ರೈತರು. ಚುನಾವಣೆ ಬಂತೆಂದರೆ ಎಲ್ಲರೂ ಬಂದೂಕು ಒಪ್ಪಿಸಬೇಕು, ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಮ್ಮೆ ವಳಕಮದಿನ್ನಿಯ ರೈತನಿಗೆ ನಾನು ಬೇರೆಯವರ ಬಂದೂಕು ಎತ್ತಿಕೊಟ್ಟೆ. ಚೀಟಿಯಲ್ಲಿ ನಂಬರು ಸರಿಯಾಗೇ ಇತ್ತು, ಕಟ್ಟುವಾಗ ಚೀಟಿ ಅದಲುಬದಲಾಗಿತ್ತು. ಅವನು ಮರದ ಹಿಡಿಯ ಮೇಲೆ ಬೆರಳಾಡಿಸಿ, "ಇದು ನಂದಲ್ರೀ. ನಂದರ ಮ್ಯಾಲೆ ನನ್ನ ಮೊಮ್ಮಗಳು ಹಲ್ಲು ಬರಾಕತ್ತಾಗ ಕಚ್ಚಿದ ಗುರ್ತು ಐತಿ" ಎಂದ. ಹುಡುಕಿದೆವು. ನಾಲ್ಕು ಹಲ್ಲಿನ ಗುರುತಿದ್ದ ಬಂದೂಕು ಸಿಕ್ಕಿತು. ಆಮೇಲೆ ನಾವು ನಂಬರಿನ ಜೊತೆ ಇಂಥ ಗುರುತುಗಳನ್ನೂ ಬರೆಯತೊಡಗಿದೆವು. ಈಗ ಎಲ್ಲವೂ ಕಂಪ್ಯೂಟರಿಗೆ ಹೋಗುತ್ತದೆ, ಅದರಲ್ಲಿ ಹಲ್ಲಿನ ಗುರುತಿಗೆ ಖಾನೆ ಇಲ್ಲ. ಒಂದು ನೋಟುಪುಸ್ತಕ ಪಕ್ಕದಲ್ಲಿ ಇಟ್ಟುಕೊಳ್ಳಿ.

ಇದು ಸಣ್ಣ ತಪ್ಪು. ದೊಡ್ಡದು ಇದಕ್ಕಿಂತ ಮೊದಲೇ ಆಗಿತ್ತು.

ಸೇರಿ ಮೂರು ತಿಂಗಳಾಗಿತ್ತು. ಉಸ್ತಾದರು ಕಣ್ಣು ತೋರಿಸಲು ರಾಯಚೂರಿಗೆ ಹೋಗಿದ್ದರು. ಮಸ್ಕಿಯ ಶರಣಗೌಡರೆಂಬ ಹಿರಿಯರು ಕೌದಿಯಲ್ಲಿ ಸುತ್ತಿದ ರೈಫಲ್ಲನ್ನು ತಂದರು. ಕೌದಿ ಬಿಚ್ಚಿದಾಗ ನಾನು ಒಂದು ಕ್ಷಣ ಸುಮ್ಮನೆ ನೋಡಿದೆ. ಕುದುರೆಯ, ಅಂದರೆ ಟ್ರಿಗರಿನ, ಕೆಳಗೆ ಬೆರಳು ಹಾಕುವ ಉದ್ದನೆಯ ಬಳೆ, ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಹಳೆಯ ತೋಟಾ ಹೊರಬಿದ್ದು ಹೊಸದು ಒಳಹೋಗುತ್ತದೆ. ಲಿವರ್ ರೈಫಲ್ ಎನ್ನುವುದು ಇದಕ್ಕೇ. ಗೌಡರ ಅಜ್ಜನ ಕಾಲದ್ದು. ನಳಿಗೆ ಕನ್ನಡಿಯಂತೆ ಹೊಳೆಯುತ್ತಿತ್ತು.

ಆಗ ಲೈಸೆನ್ಸು ಕೊಡುವ ಕಚೇರಿಯವರು ಎಲ್ಲ ಆಯುಧಗಳ ವಿವರವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದರು. ಪ್ರತಿಯೊಂದರ ಬೋರು, ಅಂದರೆ ಅದು ಯಾವ ಅಳತೆಯ ತೋಟಾ ನುಂಗುತ್ತದೆ ಎಂಬುದನ್ನು, ಅಂಗಡಿಯವರು ದೃಢೀಕರಿಸಬೇಕಿತ್ತು. ಸಾಮಾನ್ಯವಾಗಿ ನಳಿಗೆಯ ಮೇಲೆ ಕೊರೆದಿರುತ್ತದೆ. ಈ ನಳಿಗೆಯ ಮೇಲೆ ಒಂದಕ್ಷರವೂ ಇರಲಿಲ್ಲ. ಲೈಸೆನ್ಸ್ ಪುಸ್ತಕ ನವೀಕರಣಕ್ಕೆಂದು ಕಚೇರಿಗೆ ಹೋಗಿತ್ತು. ಗೌಡರು ಬನಿಯನ್ನಿನ ಜೇಬಿನಿಂದ ಸಣ್ಣ ಡಬ್ಬಿ ತೆಗೆದರು. ಅದರಲ್ಲಿ ಹಸಿರುಗಟ್ಟಿದ ನಾಲ್ಕು ಹಳೆಯ ತೋಟಾಗಳು. "ಇವು ಇದರ ಜೋಡಿನs ಇದ್ದಾವು" ಎಂದರು. ತೋಟಾದ ಬುಡದಲ್ಲಿ 38-40 ಎಂದಿತ್ತು. ಒಂದನ್ನು ಒಳಗೆ ಬಿಟ್ಟೆ. ಸಲೀಸಾಗಿ ಹೋಯಿತು. ಬಳೆ ಎಳೆದೆ, ಮುಚ್ಚಿಕೊಂಡಿತು. ದೃಢೀಕರಣ ಪತ್ರದಲ್ಲಿ 38-40 ಎಂದು ದುಂಡಗೆ ಬರೆದೆ.

ಮರುದಿನ ಉಸ್ತಾದರು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಂದರು. ಇನ್ನೊಂದು ಕಣ್ಣಿನಿಂದ ಪತ್ರ ನೋಡಿ, "ಅಕ್ಷರ ಮುತ್ತಿನಂಗ ಅದಾವು ನೋಡು" ಎಂದು ಸಹಿ ಹಾಕಿದರು. ರೈಫಲ್ಲು ಅಷ್ಟೊತ್ತಿಗೆ ಮಸ್ಕಿಗೆ ಹೋಗಿತ್ತು.

ಎಂಟು ವರ್ಷಗಳ ನಂತರ ಶರಣಗೌಡರು ತೀರಿಕೊಂಡರು. ಅವರ ಹೆಂಡತಿ ಶಿವಗಂಗಮ್ಮ ರೈಫಲ್ಲನ್ನು ನಿಯಮದಂತೆ ನಮ್ಮ ಅಂಗಡಿಯಲ್ಲಿ ಒಪ್ಪಿಸಿ, ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಅರ್ಜಿ ಹಾಕಿದರು. ಅರವತ್ತು ದಾಟಿದ ಗಟ್ಟಿ ಹೆಣ್ಣುಮಗಳು. ಮಕ್ಕಳಿರಲಿಲ್ಲ. ಮಹಾನವಮಿಯ ದಿನ ಕಾಯಿ, ಊದಿನಕಡ್ಡಿ ಹಿಡಿದು ಬಸ್ಸಿನಲ್ಲಿ ಅಂಗಡಿಗೇ ಬಂದರು.

"ಇದಕ್ಕ ಆಯುಧಪೂಜಿ ತಪ್ಪಬಾರದವ್ವಾ. ಮದುವ್ಯಾಗಿ ಬಂದಾಗಿಂದ ಒಂದು ವರ್ಷ ಬಿಟ್ಟಿಲ್ಲ."

ಪೂಜೆಗೆ ಮೊದಲು ಸೆರಗಿನ ಗಂಟಿನಿಂದ ಹುಣಸೆಹಣ್ಣನ್ನೂ ಒಂದು ಪೊಟ್ಟಣ ಬೂದಿಯನ್ನೂ ತೆಗೆದು ನಳಿಗೆಯನ್ನು ತಿಕ್ಕಲು ಕೂತರು. ಹಿತ್ತಾಳೆಯ ತಂಬಿಗೆ ತಿಕ್ಕುವ ಹಾಗೆ, ತೋಳಿನ ಪೂರ್ತಿ ಬಲ ಹಾಕಿ. ನಾನು ಗಾಬರಿಯಾಗಿ ಎದ್ದೆ.

"ಅಮ್ಮಾರೇ, ಪ್ರತಿ ವರ್ಷ ಹಿಂಗs ತಿಕ್ಕತೀರೇನು?"

"ನಲವತ್ತೆರಡು ವರ್ಷ ತಿಕ್ಕೀನಿ. ನನಗಿಂತ ಮೊದಲು ನಮ್ಮತ್ತಿ ತಿಕ್ಕ್ಯಾಳ. ಆಕಿ ಕೈಯಾಗ ಇನ್ನೂ ಜೋರಿತ್ತು" ಎಂದರು ಹೆಮ್ಮೆಯಿಂದ. "ಮುಖ ಕಾಣತೈತಿ ನೋಡು ಇದರಾಗ."

ಉಸ್ತಾದರು ಹಣೆ ಚಚ್ಚಿಕೊಂಡರು. "ಕಂಪನಿಯಾಂವ ಉಕ್ಕಿನ ಮ್ಯಾಲೆ ಕೊರದದ್ದನ್ನ ಹುಣಸಿಹಣ್ಣಿನಿಂದ ಅಳಸೀರಲ್ಲs ತಾಯಿ! ಅತ್ತಿ-ಸೊಸಿ ಕೂಡಿದ್ರ ಏನು ಬೇಕಾದ್ದು ಆಗತೈತಿ."

ನಾವು ನಕ್ಕೆವು. ಅಕ್ಷರ ಎಲ್ಲಿಗೆ ಹೋದವು ಎಂಬುದು ಅವತ್ತು ಗೊತ್ತಾಯಿತು. ಅದರಿಂದ ಏನಾಗಲಿದೆ ಎಂಬುದು ಗೊತ್ತಾಗಿರಲಿಲ್ಲ.

ಮುಂದಿನ ತಿಂಗಳು ಕಚೇರಿಯಿಂದ ಪತ್ರ ಬಂತು. ಶರಣಗೌಡರ ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ರೈಫಲ್ಲಿನ ಬೋರು 44 ಎಂದಿದೆ. ನಿಮ್ಮ ಅಂಗಡಿಯ ಪತ್ರದಲ್ಲಿ 38-40 ಎಂದಿದೆ. ರೈಫಲ್ಲಿನ ನಂಬರಿನ ಕೊನೆಯ ಎರಡು ಅಂಕಿಗಳೂ ಸವೆದುಹೋಗಿವೆ. ಇದು ಅದೇ ರೈಫಲ್ಲು ಎಂಬುದಕ್ಕೆ ಆಧಾರವೇನು? ಎರಡು ತಿಂಗಳಲ್ಲಿ ಉತ್ತರ ಕೊಡದಿದ್ದರೆ ರೈಫಲ್ಲು ಪೊಲೀಸರ ಮಾಲಖಾನೆಗೆ ಹೋಗುತ್ತದೆ, ತನಿಖೆ ಆಗುತ್ತದೆ.

ಅವರು ಕೇಳಿದ್ದು ನ್ಯಾಯವಾಗಿತ್ತು. ಮಸ್ಕಿಯಲ್ಲಿ ಮಾತ್ರ ಅದು ಬೇರೆ ರೂಪ ತಾಳಿತು. ಮೈದುನನ ಮಕ್ಕಳು, "ದೊಡ್ಡವ್ವ ಖರೇ ರೈಫಲ್ ಮಾರಿ ಬದಲಿ ಇಟ್ಟಾಳ" ಎಂದು ಕಟ್ಟೆಯ ಮೇಲೆ ಹೇಳಿಕೊಂಡು ತಿರುಗಿದರು. ಶಿವಗಂಗಮ್ಮ ಅಂಗಡಿಗೆ ಬಂದು ನನ್ನೆದುರು ಕೂತರು. ಅಳಲಿಲ್ಲ.

"ನಲವತ್ತೆರಡು ವರ್ಷ ಮಗುವಿನಂಗ ತೊಳದು ಒರಸಿ ಇಟ್ಟೀನಿ. ಮಾರ್ಯಾಳ ಅಂತಾರ. ನಿಮ್ಮ ಅಂಗಡಿ ಚೀಟಿನs ತೋರಸ್ತಾರವ್ವಾ."

ನಾನು ಎದ್ದು ರೈಫಲ್ಲನ್ನು ಮೇಜಿನ ಮೇಲೆ ತಂದಿಟ್ಟೆ.

ಉಸ್ತಾದರು ರೈಫಲ್ಲಿನ ಜೊತೆಗೇ ಒಪ್ಪಿಸಿದ್ದ ಡಬ್ಬಿಯಿಂದ ತೋಟಾ ಒಂದನ್ನು ತೆಗೆದು, ಅದರ ಮದ್ದು ಬಿಚ್ಚಿ ಬರಿದು ಮಾಡಿ, ರೈಫಲ್ಲಿನೊಳಗೆ ಬಿಟ್ಟರು. ನಳಿಗೆಯನ್ನು ನನ್ನ ಕಿವಿಯ ಹತ್ತಿರ ತಂದು ಮೆಲ್ಲಗೆ ಅಲ್ಲಾಡಿಸಿದರು. "ಕೇಳು."

ಒಳಗೆ ಕಟಕಟ ಎಂದಿತು.

"ಹೋಗೂದು ಬ್ಯಾರೆ, ಕೂಡೂದು ಬ್ಯಾರೆ ತಂಗಿ. ನಿನ್ನ ಪಾದ ನನ್ನ ಬೂಟಿನಾಗ ಹೋಗತೈತಿ. ಕೂಡತೈತೇನು?"

ಆಮೇಲೆ ಗಂಧಕ ಕರಗಿಸಿ ನಳಿಗೆಯ ಹಿಂತುದಿಗೆ ಹೊಯ್ದು, ಆರಿದ ಮೇಲೆ ಅಚ್ಚು ಹೊರತೆಗೆದರು. ನಾನು ಮೂರು ಸಲ ಅಳೆದೆ. 44 ಎಂಬುದರಲ್ಲಿ ಸಂಶಯವೇ ಇರಲಿಲ್ಲ. 38-40 ಎಂಬುದು ಅದರ ತಮ್ಮನಿದ್ದ ಹಾಗೆ. ಬುಡ ಒಂದೇ, ಕೊರಳು ಮಾತ್ರ ಸಣ್ಣದು. ಅದಕ್ಕೇ ಸಲೀಸಾಗಿ ಒಳಹೋಗಿತ್ತು, ಅದಕ್ಕೇ ನಾನು ಮೋಸಹೋಗಿದ್ದೆ. ಭೌತಶಾಸ್ತ್ರ ಓದಿದವಳು ಒಂದು ಅಳತೆಯನ್ನೂ ತೆಗೆಯದೆ, ಸಲೀಸನ್ನೇ ಪುರಾವೆ ಎಂದು ನಂಬಿದ್ದೆ.

ಹೊಸ ಪತ್ರ ಬರೆದುಕೊಂಡು ಕಚೇರಿಗೆ ಹೋದೆವು. ಶಾಖೆಯ ಅಧಿಕಾರಿ ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡರು. "ಒಂದೇ ಅಂಗಡಿ, ಒಂದೇ ಸಹಿ, ಎರಡು ಅಳತೆ. ಇದರಾಗ ಯಾವುದನ್ನ ನಂಬಲಿ ಹೇಳ್ರಿ?"

"ತಪ್ಪು ನಂದ್ರಿ ಸಾಹೇಬ್ರ. ಸಹಿ ನಂದೈತಿ" ಎಂದರು ಉಸ್ತಾದರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ. ಈ ಕೆಲಸದಲ್ಲಿ ನನಗೆ ನಾಚಿಕೆ ತರುವುದು ಆ 38-40 ಅಲ್ಲ, ಈ ಮೌನ.

ಅಧಿಕಾರಿ ಕಠಿಣರಾಗಿರಲಿಲ್ಲ. "ನಿಮ್ಮ ಅಂಗಡೀದಲ್ಲದ ಒಂದು ಸಾಕ್ಷಿ ತರ್ರಿ. ನಾನು ನೋಡತೀನಿ" ಎಂದರು.

ಸಾಕ್ಷಿಯ ಸುಳಿವು ಶಿವಗಂಗಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲೇ ಇತ್ತು. ನಿಜಾಮರ ಕಾಲದ ಮೊದಲ ಲೈಸೆನ್ಸು, ಮಡಿಕೆಗಳಲ್ಲಿ ಹರಿದಿತ್ತು, ಉರ್ದುವಿನಲ್ಲಿತ್ತು. ತಂದೆಯಿಂದ ಉರ್ದು ಕಲಿತಿದ್ದ ಉಸ್ತಾದರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಬೋರಿನ ಅಂಕಿ ಇರಲಿಲ್ಲ. ಒಂದು ಸಾಲಿತ್ತು: ಒಂದು ರೈಫಲ್ಲು, ಒಂದು ತಮಂಚಾ, ಎರಡಕ್ಕೂ ಕಾರ್ತೂಸು ಒಂದೇ.

ಉಸ್ತಾದರ ಕಣ್ಣು ಅರಳಿತು. ಹಳೆಯ ಕಾಲದಲ್ಲಿ ಕುದುರೆಯ ಮೇಲೆ ತಿರುಗುವವರು ಹಾಗೆ ಜೋಡಿ ಕೊಳ್ಳುತ್ತಿದ್ದರಂತೆ. ಉದ್ದಕ್ಕೆ ರೈಫಲ್ಲು, ಸೊಂಟಕ್ಕೆ ತಮಂಚಾ, ಅಂದರೆ ರಿವಾಲ್ವರು, ತೋಟಾದ ಚೀಲ ಒಂದೇ. ಎರಡು ಚೀಲವಿದ್ದರೆ ಅವಸರದಲ್ಲಿ ಕೈ ತಪ್ಪು ಚೀಲಕ್ಕೆ ಹೋಗುತ್ತದೆ. ಆ ರಿವಾಲ್ವರು ಸಿಕ್ಕರೆ, ಅದರ ಮೇಲೆ ಅಕ್ಷರ ಉಳಿದಿದ್ದರೆ, ಅದೇ ರೈಫಲ್ಲಿನ ಪರವಾಗಿ ಮಾತಾಡುತ್ತದೆ.

"ತಮಂಚಾ ಎಲ್ಲೈತಿ ತಾಯಿ?"

ಶಿವಗಂಗಮ್ಮ ಕಿಟಕಿಯ ಕಡೆ ನೋಡಿದರು. "ನನಗ್ಯಾಕ ಗೊತ್ತಿರತೈತಿ? ಯಾವ ಕಾಲದ ಮಾತೋ ಏನೋ."

ಹುಡುಕುವ ಕೆಲಸ ನನಗೆ ಬಂತು. ನಾನೇ ಕೇಳಿ ತೆಗೆದುಕೊಂಡೆ. ಏನನ್ನು ಹುಡುಕಬೇಕು ಎಂಬುದನ್ನು ಉಸ್ತಾದರು ಬಾಯಿಪಾಠ ಮಾಡಿಸಿದರು. ಇದು ಸಿಂಗಲ್ ಆ್ಯಕ್ಷನ್. ಪ್ರತಿ ಗುಂಡಿಗೂ ಹಿಂದಿನ ಬಡಿಗೆಯನ್ನು, ಅಂದರೆ ಹ್ಯಾಮರನ್ನು, ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು, ಇಲ್ಲವಾದರೆ ಕುದುರೆ ಎಳೆದರೂ ಏನೂ ಆಗದು. ತೋಟಾವನ್ನು ಪಕ್ಕದ ಸಣ್ಣ ಬಾಗಿಲಿನಿಂದ ಒಂದೊಂದಾಗಿ ಹಾಕಬೇಕು. ಈಗಿನ ರಿವಾಲ್ವರುಗಳು ಹಾಗಲ್ಲ.

ಸಿಂಧನೂರಿನ ಒಬ್ಬ ಅಕ್ಕಿ ಗಿರಣಿಯ ಮಾಲೀಕರ ಹತ್ತಿರ ಹಳೆಯ ರಿವಾಲ್ವರಿದೆ ಎಂದು ಕೇಳಿ ಹೋದೆ. ಅವರು ರೇಷ್ಮೆ ಚೀಲದಿಂದ ತೆಗೆದು ತೋರಿಸಿದರು. ನನ್ನ ಅಂಗೈಯಷ್ಟೂ ಇರಲಿಲ್ಲ, 32ರ ಬೋರು. "ನಮ್ಮ ಮುತ್ತಜ್ಜಂದು" ಎಂದರು. ಅದನ್ನು ಮಾಡಿದ್ದು ನಾನು ಕಾಲೇಜಿಗೆ ಸೇರಿದ ಮೇಲೆ. ನಂಬರು ನೋಡಿದ ಕೂಡಲೇ ತಿಳಿಯಿತು, ಹೇಳಲಿಲ್ಲ. ಗಿರಾಕಿಯ ಮುತ್ತಜ್ಜನನ್ನು ಕಸಿದುಕೊಳ್ಳುವುದು ನಮ್ಮ ಕೆಲಸವಲ್ಲ.

ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಉದ್ದ ನಳಿಗೆಯ, ಬಡಿಗೆ ಎಳೆಯುವ ರಿವಾಲ್ವರನ್ನು ಕಣ್ಣಾರೆ ಕಂಡವರಿದ್ದರು. ಹೋದೆ. ಬಂಗಾಲಿ ಅಜ್ಜ ಒಬ್ಬರು ಒಳಗಿಂದ ತಂದು ನನ್ನ ಕೈಗಿಟ್ಟರು. ಹೂವಿನಷ್ಟು ಹಗುರ. ಮರದ್ದು, ಮೇಲೆ ಕಪ್ಪು ಬಣ್ಣ.

"ಇದು ಗುಂಡು ಹೊಡೆಯಲ್ಲ ಮಾ, ಡೈಲಾಗ್ ಹೊಡೀತದೆ" ಎಂದು ಅಜ್ಜ ನಕ್ಕರು. "ಮೂವತ್ತು ವರ್ಷ ನಾಟಕದಲ್ಲಿ ವಿಲನ್ ನಾನು. ಇದರಿಂದ ಎಷ್ಟು ಜನರನ್ನ ಕೊಂದೆ! ಎಲ್ಲರೂ ಪರದೆ ಬಿದ್ದಮೇಲೆ ನನ್ನ ಹತ್ರಾನೇ ಚಹಾ ಕೇಳ್ತಿದ್ರು." ನನಗೂ ಚಹಾ ಕೊಟ್ಟರು.

ಎರಡು ತಿಂಗಳಲ್ಲಿ ಐದು ವಾರ ಹೀಗೇ ಕಳೆದವು. ಒಂದು ಮಧ್ಯಾಹ್ನ ಲಿಂಗಸುಗೂರಿಗೆ ಹೊರಟ ಬಸ್ಸಿನಿಂದ ಮಸ್ಕಿಯಲ್ಲೇ ಇಳಿದು ಶಿವಗಂಗಮ್ಮನ ಮನೆಗೆ ಹೋದೆ. ಏನೂ ಸಿಕ್ಕಿಲ್ಲ ಎಂದು ಹೇಳಲೆಂದೇ ಹೋದದ್ದು. ಆದರೆ ಕೂತ ಮೇಲೆ ಬೇರೆ ಮಾತು ಬಂತು.

"ಅಮ್ಮಾರೇ, ಆ ಚೀಟಿ ಬರದಾಕಿ ನಾನs. ಅಳೀಲಿಲ್ಲ. ತೋಟಾ ಒಳಗ ಹೋತು ಅಂತ ಬರದೆ. ಕಚೇರ್ಯಾಗ ಉಸ್ತಾದ್ರು ತಮ್ಮ ಮ್ಯಾಲೆ ಹಾಕ್ಕೊಂಡ್ರು, ನಾನು ಸುಮ್ನ ನಿಂತೆ."

ಅವರು ಎದ್ದು ನನಗೊಂದು ತಂಬಿಗೆ ನೀರು ತಂದುಕೊಟ್ಟರು. ಆಮೇಲೆ, "ನೀನು ಖರೇ ಹೇಳಿದಿ. ನಾನೂ ಹೇಳತೀನಿ" ಎಂದರು.

ತಮಂಚಾ ಎಲ್ಲಿದೆ ಎಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೌಡರ ಅಜ್ಜನ ಹತ್ತಿರ ಸಾಲಗುಂದದ ಮುನ್ಷಿ ಒಬ್ಬರು ಉರ್ದು ಕಾಗದಪತ್ರ ಬರೆಯುತ್ತಿದ್ದರು. ಪತ್ರಗಳನ್ನು ಒಯ್ಯಲು ದೂರದೂರ ಒಬ್ಬರೇ ಹೋಗಬೇಕಿತ್ತು ಎಂದು ಅಜ್ಜ ತಮಂಚಾವನ್ನು ಅವರಿಗೆ ಕೊಟ್ಟಿದ್ದರು. ಮುಂದೆ ಗೌಡರ ತಂದೆ ಅದನ್ನು ವಾಪಸು ಕೇಳಿದರು. ಕೊಟ್ಟದ್ದು ಕೊಟ್ಟದ್ದೇ ಎಂದರು ಮುನ್ಷಿ ಮನೆಯವರು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ.

"ನಮ್ಮ ತಮಂಚಾ ನುಂಗಿದವರು ಅಂತ ಅವರನ್ನ ಊರ ತುಂಬ ಅಂದೀವಿ. ಈಗ ಅವರ ಬಾಗಿಲಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ನಾನು ಬರತೀನಿ" ಎಂದೆ.

ಸಾಲಗುಂದದಲ್ಲಿ ಮುನ್ಷಿಯವರ ಮೊಮ್ಮಗಳು ನೂರ್‌ಜಹಾನ್ ಇದ್ದರು. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಊರಿಗೆಲ್ಲ ಟೀಚರಮ್ಮ. ಬಾಗಿಲಲ್ಲಿ ಶಿವಗಂಗಮ್ಮನನ್ನು ಕಂಡು ಸೆರಗು ಸರಿಮಾಡಿಕೊಂಡರು, ಒಳಗೆ ಕರೆಯಲಿಲ್ಲ.

"ಮಸ್ಕಿ ಗೌಡ್ರ ಮನಿಯವರು. ವಾಪಸ್ ಕೇಳಾಕ ಬಂದೀರೇನ್ರಿ?"

"ಇಲ್ರೀ ಟೀಚರಮ್ಮ. ಕೊಡಬ್ಯಾಡ್ರಿ. ಅದು ನಿಮ್ಮ ಹತ್ರ ಇರೂದೇ ಚೊಲೋ ಆಗೈತಿ." ಶಿವಗಂಗಮ್ಮ ಕೈ ಮುಗಿದರು. "ನಿಮ್ಮನ್ನ ಕಳ್ಳರು ಅಂದ್ವಿ. ಈಗ ನನ್ನನ್ನ ಕಳ್ಳಿ ಅನ್ನಾಕತ್ತಾರ. ನಿಮ್ಮ ತಮಂಚಾ ಒಂದು ಮಾತು ಹೇಳಿದ್ರ ನಾ ಉಳಿತೀನಿ."

ಟೀಚರಮ್ಮ ನನ್ನ ಕಡೆ ತಿರುಗಿದರು. ನಾನು ನಡೆದದ್ದನ್ನು ಮೊದಲಿನಿಂದ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಅವರು ಪಾಠ ಒಪ್ಪಿಸುವ ವಿದ್ಯಾರ್ಥಿನಿಯ ಮಾತು ಕೇಳುವ ಹಾಗೆ ಕೊನೆಯವರೆಗೂ ಕೇಳಿದರು.

"ಹುಣಸಿಹಣ್ಣು ಹಚ್ಚಿ ತಿಕ್ಕಿದ್ರೇನು?" ಎಂದರು. ತುಟಿಯ ತುದಿಯಲ್ಲಿ ನಗು ಕಂಡಿತು. "ನಮ್ಮ ಅಬ್ಬಾ ಅದನ್ನ ಮುಟ್ಟಾಕ ಕೊಡ್ತಿರಲಿಲ್ಲ. ಎಣ್ಣಿ ಬಟ್ಟಿ ಸುತ್ತಿ ಇಟ್ಟಿದ್ದು ಹಂಗs ಐತಿ. ಒಳಗ ಬರ್ರಿ, ಬಿಸಲಾಗ ಯಾಕ ನಿಂತೀರಿ?"

ಲೈಸೆನ್ಸು ಅವರ ಹೆಸರಿನಲ್ಲಿತ್ತು. ಹಾಗಾಗಿ ಆ ಸೋಮವಾರ ಅವರೇ ರಿವಾಲ್ವರನ್ನು ನಮ್ಮ ಅಂಗಡಿಗೆ ತಂದರು. ಎಣ್ಣೆ ಬಟ್ಟೆಯನ್ನು ಮೂರು ಸುತ್ತು ಬಿಚ್ಚಿದರು. ನಳಿಗೆಯ ಎಡಬದಿಯಲ್ಲಿ, ನಿನ್ನೆ ಕೊರೆದಂತೆ, 44 ಎಂದಿತ್ತು.

ಉಸ್ತಾದರು ಮೊದಲೇ ಹಿತ್ತಾಳೆಯಲ್ಲಿ ಮದ್ದಿಲ್ಲದ ಒಂದು ಬರಿ ತೋಟಾ ಕಡೆದಿಟ್ಟಿದ್ದರು, ಸರಿಯಾಗಿ ಗಂಧಕದ ಅಚ್ಚಿನ ಅಳತೆಗೆ. ಅದನ್ನು ನನ್ನ ಕೈಗೆ ಕೊಟ್ಟರು. ರೈಫಲ್ಲಿನಲ್ಲಿ ಹಾಕಿ ಬಳೆ ಎಳೆದೆ. ಅಲ್ಲಾಡಿಸಿದೆ. ಸದ್ದಿಲ್ಲ. ಹೊರತೆಗೆದು ರಿವಾಲ್ವರಿನ ಪಕ್ಕದ ಬಾಗಿಲು ತೆರೆದು ಒಂದನೆಯ ಕೋಣೆಗೆ ಹಾಕಿದೆ. ಅಲ್ಲಾಡಿಸಿದೆ. ಸದ್ದಿಲ್ಲ. ಆರು ಕೋಣೆಗೂ ಹಾಕಿ ನೋಡಿದೆ. ಆಗ ಬಲಗಿವಿ ಇನ್ನೂ ಇಷ್ಟು ಕೆಟ್ಟಿರಲಿಲ್ಲ, ಎರಡೂ ಕಿವಿಗಳಿಂದ ಕೇಳಿದೆ.

"ಕೂತೈತಿ" ಎಂದೆ.

"ಕೂತ್ರ ಸಾಕಾಗೂದಿಲ್ಲ" ಎಂದರು ಉಸ್ತಾದರು. "ಇದು ಇದರದೇ ಜೋಡಿ ಅಂತ ಕಚೇರಿಯಾಂವ ಹೆಂಗ ನಂಬ್ಯಾನು? ಜೋಡಿ ಮಾರಿದಾಂವ ಎಲ್ಲರೆ ಗುರ್ತು ಮಾಡಿರಬೇಕು. ನಾನಾಗಿದ್ರ ಎಲ್ಲಿ ಮಾಡ್ತಿದ್ದೆ?" ತಮ್ಮನ್ನೇ ಕೇಳಿಕೊಂಡು, ರಿವಾಲ್ವರಿನ ಹಿಡಿಕೆಯ ಮರದ ಹಲಗೆಯ ಸ್ಕ್ರೂ ಬಿಚ್ಚಿದರು. ಒಳಗಿನ ಕಬ್ಬಿಣದ ಮೇಲೆ ಒಂದು ಸಣ್ಣ ಅರ್ಧಚಂದ್ರ, ಪಕ್ಕದಲ್ಲಿ ಉರ್ದುವಿನ ಎರಡರ ಅಂಕಿ.

ಉಸ್ತಾದರು ಸ್ಕ್ರೂಡ್ರೈವರನ್ನು ಶಿವಗಂಗಮ್ಮನ ಕಡೆ ಹಿಡಿದರು. "ನೀವs ಬಿಚ್ಚ್ರಿ ತಾಯಿ. ಎಲ್ಲಾ ಕಡೆ ತಿಕ್ಕೀರಿ, ಇಲ್ಲೊಂದು ಕಡೆ ನಿಮ್ಮ ಕೈ ಹೋಗಿಲ್ಲ."

ರೈಫಲ್ಲಿನ ಹಿಂತುದಿಯ ಕಬ್ಬಿಣದ ಪಟ್ಟಿಯನ್ನು ಅವರು ಬಿಚ್ಚಿದರು. ಪಟ್ಟಿಯ ಒಳಮೈ ಕಪ್ಪಗಿತ್ತು. ಬಟ್ಟೆಯಿಂದ ಒರೆಸಿದೆ, ಮೆಲ್ಲಗೆ. ಅದೇ ಅರ್ಧಚಂದ್ರ. ಪಕ್ಕದಲ್ಲಿ ಉರ್ದುವಿನ ಒಂದರ ಅಂಕಿ. ಅದರ ಕೆಳಗೆ ರೈಫಲ್ಲಿನ ಪೂರ್ತಿ ನಂಬರು, ಮೇಲೆ ಸವೆದುಹೋಗಿದ್ದ ಕೊನೆಯ ಎರಡು ಅಂಕಿಗಳ ಸಮೇತ.

ಶಿವಗಂಗಮ್ಮ ಆಗ ಅತ್ತರು. ಟೀಚರಮ್ಮ ಅವರ ಬೆನ್ನ ಮೇಲೆ ಕೈಯಿಟ್ಟು, "ಸುಮ್ನಿರ್ರಿ. ಒಂದು, ಎರಡು ಅಂತ ಬರದಾನ ನೋಡ್ರಿ. ನಮಗ ಎಣಿಸಾಕs ಬರಲಿಲ್ಲ ಇಷ್ಟು ದಿನ" ಎಂದರು.

ಉಸ್ತಾದರು ಹೊಸ ಪತ್ರದ ಹಾಳೆ ಮತ್ತು ಪೆನ್ನನ್ನು ನನ್ನ ಮುಂದಿಟ್ಟರು. ನಾನು ಮೊದಲು ಹಳೆಯ ರಿಜಿಸ್ಟರು ತೆಗೆದು ಎಂಟು ವರ್ಷದ ಹಿಂದಿನ ಪುಟಕ್ಕೆ ಹೋದೆ. 38-40ರ ಮೇಲೆ ಒಂದೇ ಗೆರೆ ಎಳೆದೆ, ಕೆಳಗಿನ ಬರಹ ಓದಲು ಬರುವಂತೆ. ಪಕ್ಕದಲ್ಲಿ 44 ಎಂದು ಬರೆದು, "ಮೊದಲ ಸಲ ಅಳೆದಿರಲಿಲ್ಲ" ಎಂದು ಸೇರಿಸಿ ನನ್ನ ಹೆಸರು ಬರೆದೆ. ಕಚೇರಿಯಲ್ಲೂ ಆ ಮಾತನ್ನು ನಾನೇ ಹೇಳಿದೆ. ಅಧಿಕಾರಿ ಎರಡು ಅರ್ಧಚಂದ್ರಗಳ ಫೋಟೋ ನೋಡಿದರು, ಟೀಚರಮ್ಮನ ಲೈಸೆನ್ಸು ನೋಡಿದರು, ನನ್ನನ್ನು ನೋಡಿದರು. "ಇದನ್ನ ಮೊದಲs ಹೇಳಿದ್ರ ಅರ್ಧ ಕೆಲಸ ಅವತ್ತs ಆಗ್ತಿತ್ತು" ಎಂದಷ್ಟೇ ಅಂದರು.

ತಪ್ಪಾದ ಪುಟವನ್ನು ಹರಿಯಬೇಡಿ. ನಿಮ್ಮ ಮೂವರಿಗೆ ಹೇಳಬೇಕೆಂದಿದ್ದ ಎರಡನೆಯ ಮಾತು ಇದೇ. ಆ ರಿಜಿಸ್ಟರು ಅಂಗಡಿಯ ಮೇಲಿನ ಕಪಾಟಿನಲ್ಲಿದೆ, ಬೇಕಾದರೆ ತೆಗೆದು ನೋಡಿ. ಹಿತ್ತಾಳೆಯ ಬರಿ ತೋಟಾ ಅದರ ಪಕ್ಕದಲ್ಲಿದೆ. ಯಾವುದೇ ತೋಟಾ ಎಷ್ಟೇ ಸಲೀಸಾಗಿ ಒಳಹೋದರೂ, ನಳಿಗೆಯನ್ನು ಒಮ್ಮೆ ಅಲ್ಲಾಡಿಸಿ ಕೇಳಿ. ಆಮೇಲೆ ಅಳೆಯಿರಿ.

ಲೈಸೆನ್ಸು ಶಿವಗಂಗಮ್ಮನ ಹೆಸರಿಗೆ ಬಂತು. ನಾನು ಕೆಲಸ ಬಿಟ್ಟ ಮೇಲೂ ಅವರು ಫೋನು ಮಾಡುತ್ತಾರೆ, ನಾನು ಎಡಗಿವಿಗೆ ಹಿಡಿದುಕೊಳ್ಳುತ್ತೇನೆ. ಕಳೆದ ವಿಜಯದಶಮಿಯಂದು ಹಿಂದಿನಿಂದ ಬಸ್ಸಿನ ಸದ್ದು ಕೇಳಿಸುತ್ತಿತ್ತು.

"ಸಾಲಗುಂದಕ್ಕ ಹೊಂಟೀನವ್ವಾ, ಟೀಚರಮ್ಮಗ ಬನ್ನಿ ಕೊಡಾಕ. ಆಕಿ ಬಿರಿಯಾನಿ ಬಿಟ್ಟು ನನಗಂತ ಹೋಳಿಗಿ ಮಾಡ್ಯಾಳಂತ."

"ಮಹಾನವಮಿ ಪೂಜಿ ಆತೇನ್ರಿ?"

"ಆತು. ಬರೇ ಎಣ್ಣಿ ಬಟ್ಟೀಲೆ ಒರಸಿ, ಹಿಡಿಗೆ ಕುಂಕುಮ ಹಚ್ಚೀನಿ." ದನಿ ತಗ್ಗಿಸಿ ಹೇಳಿದರು: "ಹುಣಸಿಹಣ್ಣು ನೆನೆ ಇಟ್ಟಿದ್ದೆ, ಕೈ ತಡೀಲಿಲ್ಲ. ಆಮ್ಯಾಲೆ ಅದರಿಂದ ಸಾರು ಮಾಡಿದೆ."